ಕೂಟಲೇಖದಿಂದ ಕುಸಿದ ಕೋಟೆ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ಜರುಗಿದ ಶ್ರಾವಕ ಸಮ್ಮೇಳನದಲ್ಲಿ ನೀಡಿದ ಉಪನ್ಯಾಸದ ಪೂರ್ಣಪಾಠ)

 

ಪ್ರಥಮ ತೀರ್ಥಂಕರ ಆದಿನಾಥ ಸ್ವಾಮಿಯು ಕರ್ಮಭೂಮಿಯ ಪ್ರಜೆಗಳಿಗೆ ಜೀವನೋಪಾಯಕ್ಕಾಗಿ ಬೋಧಿಸಿದ ಷಟ್ಕರ್ಮಗಳು ಅಸಿ, ಮಸಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪ ಎಂಬುದು ಸಭೆಯಲ್ಲಿರುವ ಸರ್ವರಿಗೂ ತಿಳಿದ ವಿಷಯ. ಅಸಿ ಎಂದರೆ ಖಡ್ಗ. ಮಸಿ ಎಂದರೆ ಲೇಖನಿಯ ಶಾಯಿ, ಅರ್ಥಾತ್ ಬರಹ ಮತ್ತು ಲೆಕ್ಕ. ಖಡ್ಗದ ಪಕ್ಕದಲ್ಲಿಯೇ ಶಾಯಿಯನ್ನು ಹೆಸರಿಸಿರುವುದರ ಔಚಿತ್ಯವನ್ನು ವ್ಯಾಪಾರಸ್ಥನಾದವನು ಚಿಂತಿಸಿ ನೋಡಬೇಕು. ಖಡ್ಗವು ಒಂದು ಏಟಿಗೆ ಒಬ್ಬನನ್ನು ಘಾತಿಸಿದರೆ, ಸುಳ್ಳು ಲೆಕ್ಕದ ಒಂದು ಸಾಲು ಸಾವಿರಾರು ಸಂಸಾರಗಳನ್ನು ಏಕಕಾಲದಲ್ಲಿ ಘಾತಿಸಬಲ್ಲದು. ಇದು ಕೇವಲ ಅಲಂಕಾರದ ಮಾತಲ್ಲ. ನೆರೆಯ ಹೈದರಾಬಾದಿನಲ್ಲಿ 2009ನೆಯ ಇಸವಿಯ ಜನವರಿ 7ರಂದು ನಡೆದ ಸಂಗತಿಯೇ ಇದಕ್ಕೆ ಸಾಕ್ಷಿ. ಅಂದು ಪತನ ಹೊಂದಿದ ಉದ್ಯಮದ ಹೆಸರು ‘ಸತ್ಯಂ’ ಎಂದಿದ್ದುದು ಕಾಲದ ಒಂದು ವಿಡಂಬನೆ.

ಸತ್ಯಂ ಕಂಪ್ಯೂಟರ್ ಸರ್ವೀಸಸ್ ಎಂಬ ಆ ಸಂಸ್ಥೆಯು 1987ರಲ್ಲಿ ಸ್ಥಾಪಿತವಾಯಿತು. ಸ್ಥಾಪಕರಾದ ಬಿ. ರಾಮಲಿಂಗರಾಜು ಅವರು ಪಶ್ಚಿಮ ಗೋದಾವರಿ ಜಿಲ್ಲೆಯ ಕೃಷಿಕ ಮನೆತನದಲ್ಲಿ ಜನಿಸಿದವರು. ಬೆರಳೆಣಿಕೆಯ ನೌಕರರಿಂದ ಮೊದಲಾದ ಸಂಸ್ಥೆಯು ಎರಡು ದಶಕಗಳಲ್ಲಿ ಸುಮಾರು 53,000 ಮಂದಿಗೆ ಉದ್ಯೋಗ ನೀಡಿತು. 66 ದೇಶಗಳಲ್ಲಿ ವ್ಯವಹಾರ ಹೂಡಿತು. 2001ರಲ್ಲಿ ಅದರ ಷೇರುಗಳು ನ್ಯೂಯಾರ್ಕ್ ಷೇರುಪೇಟೆಯನ್ನೂ ಪ್ರವೇಶಿಸಿದವು. 2008ರಲ್ಲಿ ಉತ್ತಮ ಆಡಳಿತಕ್ಕಾಗಿ ಕೊಡಮಾಡುವ ‘ಗೋಲ್ಡನ್ ಪೀಕಾಕ್’ ಪ್ರಶಸ್ತಿಯೂ ಅದಕ್ಕೆ ದೊರೆಯಿತು. ಲೋಕದ ಕಣ್ಣಿಗೆ ಎಲ್ಲವೂ ಶುಭವಾಗಿಯೇ ತೋರುತ್ತಿತ್ತು.

ಆದರೆ 2009ರ ಜನವರಿ 7ರ ಬೆಳಿಗ್ಗೆ ರಾಜು ಅವರು ತಮ್ಮ ನಿರ್ದೇಶಕ ಮಂಡಲಿಗೆ ಒಂದು ಪತ್ರ ಬರೆದು, ಅನೇಕ ವರ್ಷಗಳಿಂದ ಲೆಕ್ಕಪತ್ರಗಳಲ್ಲಿ ಇಲ್ಲದ ಹಣವನ್ನು ಇದೆಯೆಂದು ತೋರಿಸುತ್ತ ಬಂದಿರುವುದಾಗಿ ಒಪ್ಪಿಕೊಂಡರು. ಆ ಪತ್ರದಲ್ಲಿನ ಅಂಕಿಗಳನ್ನು ಅಂಗಡಿಯ ಲೆಕ್ಕ ಬಲ್ಲ ಯಾವ ಶ್ರಾವಕನಾದರೂ ಅರ್ಥಮಾಡಿಕೊಳ್ಳಬಹುದು. 2008ರ ಸೆಪ್ಟೆಂಬರ್ 30ರ ಲೆಕ್ಕದಲ್ಲಿ ನಗದು ಮತ್ತು ಬ್ಯಾಂಕ್ ಶಿಲ್ಕು 5,361 ಕೋಟಿ ರೂಪಾಯಿ ಎಂದಿತ್ತು. ಅದರಲ್ಲಿ 5,040 ಕೋಟಿ ಇರಲೇ ಇಲ್ಲ. ಅಂದರೆ ಪೆಟ್ಟಿಗೆಯಲ್ಲಿ ನೂರು ರೂಪಾಯಿ ಇದೆಯೆಂದು ಸಾರಿದ್ದವನ ಬಳಿ ವಾಸ್ತವವಾಗಿ ಇದ್ದದ್ದು ಸುಮಾರು ಆರು ರೂಪಾಯಿ. ಇಲ್ಲದ ಆ ಹಣಕ್ಕೆ 376 ಕೋಟಿ ರೂಪಾಯಿಗಳ ಬಡ್ಡಿಯನ್ನೂ ಜಮಾ ಬರೆಯಲಾಗಿತ್ತು. ಕೊಡಬೇಕಾದ 1,230 ಕೋಟಿ ಸಾಲವನ್ನು ಪುಸ್ತಕದಲ್ಲಿ ಕಾಣಿಸಿರಲಿಲ್ಲ. ಬರಬೇಕಾದ ಬಾಕಿಯನ್ನು 490 ಕೋಟಿಯಷ್ಟು ಹಿಗ್ಗಿಸಲಾಗಿತ್ತು. ಎಲ್ಲವನ್ನೂ ಕೂಡಿದರೆ 7,136 ಕೋಟಿ ರೂಪಾಯಿಗಳ ಅಸತ್ಯ.

ಈ ಪರ್ವತಪ್ರಾಯವಾದ ಅಸತ್ಯವು ಒಂದೇ ದಿನದಲ್ಲಿ ಬೆಳೆದುದಲ್ಲ. ಆರಂಭದಲ್ಲಿ ನಿಜವಾದ ಲಾಭಕ್ಕೂ ತೋರಿಸಿದ ಲಾಭಕ್ಕೂ ಇದ್ದ ಅಂತರ ಸ್ವಲ್ಪವೇ ಆಗಿತ್ತೆಂದು ಅದೇ ಪತ್ರವು ಹೇಳುತ್ತದೆ. ಒಂದು ತ್ರೈಮಾಸಿಕದಲ್ಲಿ ನಿರೀಕ್ಷಿಸಿದಷ್ಟು ಲಾಭ ಬರಲಿಲ್ಲವಾದರೆ ಕೊಂಚ ಸೇರಿಸಿ ಬರೆಯುವುದು, ಮುಂದಿನ ತ್ರೈಮಾಸಿಕದಲ್ಲಿ ಸರಿಪಡಿಸಿಕೊಳ್ಳಬಹುದೆಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುವುದು, ಸುಳ್ಳಿನ ಕ್ರಮವೇ ಹೀಗೆ. ಆದರೆ ಸುಳ್ಳು ಲಾಭವನ್ನು ಒಮ್ಮೆ ಬರೆದ ಮೇಲೆ, ಆ ಲಾಭದ ಹಣ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರವಾಗಿ ಬ್ಯಾಂಕಿನಲ್ಲಿ ಸುಳ್ಳು ಶಿಲ್ಕನ್ನು ತೋರಿಸಬೇಕಾಗುತ್ತದೆ. ಶಿಲ್ಕಿಗೆ ಸುಳ್ಳು ಬಡ್ಡಿಯನ್ನು ಬರೆಯಬೇಕಾಗುತ್ತದೆ. ಮುಂದಿನ ವರ್ಷದ ಲಾಭವು ಈ ವರ್ಷದ ಸುಳ್ಳಿಗಿಂತಲೂ ಅಧಿಕವಾಗಿರಬೇಕಾಗುತ್ತದೆ. ಹೀಗೆ ಅಂತರವು ವರ್ಷದಿಂದ ವರ್ಷಕ್ಕೆ ಹಿಗ್ಗಿತು. 2008ರ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ 649 ಕೋಟಿ ಕಾರ್ಯಲಾಭವನ್ನು ಘೋಷಿಸಿದ್ದರೆ, ನೈಜವಾದುದು ಕೇವಲ 61 ಕೋಟಿ ಎಂದು ಪತ್ರವು ತಿಳಿಸಿತು. ಹುಲಿಯ ಮೇಲೆ ಸವಾರಿ ಹೊರಟವನಿಗೆ ಅದರ ಬಾಯಿಗೆ ಬೀಳದೆ ಇಳಿಯುವ ದಾರಿ ತಿಳಿಯದಂತಾಯಿತೆಂದು ರಾಜು ಅವರೇ ತಮ್ಮ ಸ್ಥಿತಿಯನ್ನು ಬಣ್ಣಿಸಿದರು. ಹುಲಿಯ ಬೆನ್ನೇರುವಂತೆ ಅವರನ್ನು ಬಲಾತ್ಕರಿಸಿದವರು ಯಾರೂ ಇರಲಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಇಂಥ ಮೋಸ ನಡೆದುದಾದರೂ ಹೇಗೆ? ಕೇಂದ್ರ ತನಿಖಾ ದಳದ ತನಿಖೆಯ ಪ್ರಕಾರ ಏಳು ಸಾವಿರಕ್ಕೂ ಮಿಕ್ಕಿ ಸುಳ್ಳು ಬಿಲ್ಲುಗಳನ್ನು ಗಣಕಯಂತ್ರದಲ್ಲಿ ಸೃಷ್ಟಿಸಲಾಗಿತ್ತು. ಅವು ಕೆಲಸ ನಿರ್ವಹಿಸುವ ವಿಭಾಗದವರ ಕಣ್ಣಿಗೆ ಬೀಳದೆ ಲೆಕ್ಕದ ವಿಭಾಗದಲ್ಲಿ ಮಾತ್ರ ಕಾಣುವಂತೆ ಗುಪ್ತ ಸಂಕೇತದ ವ್ಯವಸ್ಥೆಯಿತ್ತು. ಬ್ಯಾಂಕಿನ ಹೆಸರಿನಲ್ಲಿ ಠೇವಣಿ ರಸೀದಿಗಳನ್ನೂ ಶಿಲ್ಕಿನ ಪಟ್ಟಿಗಳನ್ನೂ ಸುಳ್ಳಾಗಿ ತಯಾರಿಸಲಾಗಿತ್ತು. ಲೆಕ್ಕ ಪರಿಶೋಧಕರ ಹೊಣೆ ಏನಿತ್ತು? ಶಿಲ್ಕು ಎಷ್ಟೆಂದು ಬ್ಯಾಂಕನ್ನೇ ನೇರವಾಗಿ ಕೇಳಿ ಉತ್ತರ ಪಡೆಯುವುದು. ಅದನ್ನು ಬಿಟ್ಟು, ಸಂಸ್ಥೆಯವರು ಕೈಗಿತ್ತ ಕಾಗದಗಳನ್ನೇ ನಂಬಿ ರುಜು ಹಾಕಿದುದು ಅಲ್ಲಿನ ಮಹಾಲೋಪ. ಸಾಧಾರಣ ಕಿರಾಣಿ ಅಂಗಡಿಯ ಗುಮಾಸ್ತನೂ ಪಾಸುಪುಸ್ತಕವನ್ನು ಬ್ಯಾಂಕಿಗೆ ಕೊಂಡೊಯ್ದು ತಾಳೆ ನೋಡುತ್ತಾನೆ. ಲೋಕವಿಖ್ಯಾತ ಲೆಕ್ಕ ಪರಿಶೋಧಕ ಸಂಸ್ಥೆ ಆ ಸುಲಭ ಕಾರ್ಯವನ್ನು ನೆರವೇರಿಸಲಿಲ್ಲ.

ನಿರ್ದೇಶಕ ಮಂಡಲಿಯಲ್ಲಿ ಸಾಮಾನ್ಯರಿದ್ದರೆಂದು ಭಾವಿಸಬಾರದು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು, ಕೇಂದ್ರ ಸರ್ಕಾರದ ನಿವೃತ್ತ ಸಂಪುಟ ಕಾರ್ಯದರ್ಶಿಗಳು, ಪ್ರಸಿದ್ಧ ವಾಣಿಜ್ಯ ಶಿಕ್ಷಣ ಸಂಸ್ಥೆಯ ಮುಖ್ಯಸ್ಥರು ಅದರಲ್ಲಿದ್ದರು. 2008ರ ಡಿಸೆಂಬರ್ 16ರಂದು ಆ ಮಂಡಲಿಯ ಮುಂದೆ ಒಂದು ಪ್ರಸ್ತಾವ ಬಂದಿತು. ರಾಜು ಅವರ ಕುಟುಂಬದವರು ನಡೆಸುತ್ತಿದ್ದ ‘ಮೇಟಾಸ್’ ಹೆಸರಿನ ಎರಡು ನಿವೇಶನ ಮತ್ತು ನಿರ್ಮಾಣ ಸಂಸ್ಥೆಗಳನ್ನು 160 ಕೋಟಿ ಡಾಲರುಗಳಿಗೆ ಸತ್ಯಂ ಕೊಳ್ಳಬೇಕೆಂಬುದೇ ಅದು. ಸತ್ಯಂ ಎಂಬ ಹೆಸರಿನ ಆಂಗ್ಲ ಅಕ್ಷರಗಳನ್ನು ಹಿಂದುಮುಂದಾಗಿ ಓದಿದರೆ ಮೇಟಾಸ್ ಆಗುತ್ತದೆ. ಗಣಕಯಂತ್ರದ ಕೆಲಸ ಮಾಡುವ ಸಂಸ್ಥೆಗೆ ಜಮೀನು ವ್ಯವಹಾರವೇಕೆ ಎಂಬ ಪ್ರಶ್ನೆ ಬಂದರೂ ಮಂಡಲಿಯು ಒಪ್ಪಿಗೆ ನೀಡಿತು. ವಿದ್ಯೆ ಬೇರೆ, ಧೈರ್ಯದಿಂದ ಬೇಡವೆನ್ನುವ ವಿವೇಕ ಬೇರೆ. ಮಂಡಲಿಯು ಹೇಳದ ಮಾತನ್ನು ಷೇರುದಾರರೇ ಹೇಳಿದರು. ಅಮೆರಿಕದ ಪೇಟೆಯಲ್ಲಿ ಷೇರಿನ ಬೆಲೆ ಅರ್ಧಕ್ಕೂ ಕೆಳಗಿಳಿಯಿತು. ಕೆಲವೇ ಗಂಟೆಗಳಲ್ಲಿ ಪ್ರಸ್ತಾವವನ್ನು ಹಿಂತೆಗೆದುಕೊಳ್ಳಬೇಕಾಯಿತು. ಪುಸ್ತಕದಲ್ಲಿದ್ದ ಸುಳ್ಳು ಹಣದ ಜಾಗದಲ್ಲಿ ನಿಜವಾದ ಜಮೀನನ್ನು ತುಂಬಿಸುವ ಕೊನೆಯ ಯತ್ನ ಅದಾಗಿತ್ತೆಂದು ರಾಜು ಅವರ ಪತ್ರ ಮೂರು ವಾರಗಳ ತರುವಾಯ ಬಹಿರಂಗಪಡಿಸಿತು.

ಈ ಎಲ್ಲ ಅನರ್ಥದ ಮೂಲ ಯಾವುದು? ಸಂಸ್ಥೆಗೆ ಕೆಲಸವಿರಲಿಲ್ಲವೇ? ಇತ್ತು. ನೌಕರರು ಅಸಮರ್ಥರೇ? ಅಲ್ಲ. ಗ್ರಾಹಕರು ಇರಲಿಲ್ಲವೇ? ಪ್ರಪಂಚದ ಮಹಾಸಂಸ್ಥೆಗಳೇ ಗ್ರಾಹಕರಾಗಿದ್ದವು. ಸಾಧಾರಣ ಲಾಭದಿಂದ ತೃಪ್ತಿ ಹೊಂದಿದ್ದಲ್ಲಿ ಸಂಸ್ಥೆಯು ಗೌರವದಿಂದ ಬಾಳಬಹುದಾಗಿತ್ತು. ಆದರೆ ಲಾಭ ಹೆಚ್ಚೆಂದು ತೋರಿದರೆ ಷೇರಿನ ಬೆಲೆ ಏರುತ್ತದೆ. ಏರಿದ ಬೆಲೆಗೆ ಸ್ವಂತ ಷೇರುಗಳನ್ನು ಮಾರಬಹುದು, ಅಡವಿಟ್ಟು ಸಾಲ ಪಡೆಯಬಹುದು. ಸ್ಥಾಪಕರ ಪಾಲು ವರ್ಷದಿಂದ ವರ್ಷಕ್ಕೆ ಇಳಿಯುತ್ತ 2008ರ ವೇಳೆಗೆ ನೂರಕ್ಕೆ ಹತ್ತಕ್ಕಿಂತಲೂ ಕಡಿಮೆಯಾಗಿತ್ತು. ಇತ್ತ ಕುಟುಂಬದ ಸಂಸ್ಥೆಗಳ ಹೆಸರಿನಲ್ಲಿ ಹೈದರಾಬಾದಿನ ಸುತ್ತಮುತ್ತ ಭೂಮಿಯ ಸಂಗ್ರಹ ಬೆಳೆಯುತ್ತ ಹೋಯಿತು. ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಲ್ಲಿ ತತ್ತ್ವಾರ್ಥಸೂತ್ರಕಾರರು ಮೊಟ್ಟಮೊದಲು ಹೆಸರಿಸಿರುವುದು ಕ್ಷೇತ್ರವನ್ನು, ಅಂದರೆ ಭೂಮಿಯನ್ನು. ಸುವರ್ಣವೂ ಧನಧಾನ್ಯಗಳೂ ಅನಂತರ ಬರುತ್ತವೆ. ಭೂಮಿಯ ಆಶೆಯು ಮನುಷ್ಯನನ್ನು ಎಲ್ಲಿಗೆ ಒಯ್ಯಬಲ್ಲದೆಂಬುದನ್ನು ಆಚಾರ್ಯರು ಬಲ್ಲವರಾಗಿದ್ದರು.

ಹಾಗೆಯೇ ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು, ನ್ಯಾಸಾಪಹಾರ ಮತ್ತೊಂದು. ಇಲ್ಲದ ಸಂಗತಿಯನ್ನು ಇದೆಯೆಂದು ಲಿಖಿತದಲ್ಲಿ ತೋರಿಸುವುದು ಕೂಟಲೇಖ. ಸುಳ್ಳು ಬಿಲ್ಲು, ಸುಳ್ಳು ಠೇವಣಿ ರಸೀದಿ, ಸುಳ್ಳು ಶಿಲ್ಕು ಇವೆಲ್ಲವೂ ಆ ಒಂದು ಪದದಲ್ಲಿ ಅಡಕವಾಗಿವೆ. ನ್ಯಾಸವೆಂದರೆ ಒಬ್ಬರು ನಂಬಿ ಇರಿಸಿದ ಇಡುಗಂಟು. ಇಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ಹೌದು ಅಷ್ಟೇ ಎಂದು ಒಪ್ಪಿ ಉಳಿದುದನ್ನು ಇಟ್ಟುಕೊಳ್ಳುವುದನ್ನು ವ್ಯಾಖ್ಯಾನಕಾರರು ನ್ಯಾಸಾಪಹಾರವೆಂದು ವಿವರಿಸಿದ್ದಾರೆ. ಇಲ್ಲಿ ಕಳವಿಲ್ಲ, ಬಲಾತ್ಕಾರವಿಲ್ಲ. ಇನ್ನೊಬ್ಬನ ಅಜ್ಞಾನವನ್ನು ತನ್ನ ಲಾಭಕ್ಕೆ ಬಳಸಿಕೊಳ್ಳುವುದಷ್ಟೇ ಇದೆ. ಷೇರುದಾರನ ಹಣವೂ ನ್ಯಾಸವೇ. ದೂರದ ಊರಿನಲ್ಲಿ ಕುಳಿತ ನಿವೃತ್ತ ಉಪಾಧ್ಯಾಯನಿಗೆ ಸಂಸ್ಥೆಯ ಪೆಟ್ಟಿಗೆಯಲ್ಲಿ ಎಷ್ಟಿದೆಯೆಂದು ತಿಳಿಯುವ ಉಪಾಯವಿಲ್ಲ; ಮುದ್ರಿತ ವರದಿಯೇ ಅವನಿಗೆ ಪ್ರಮಾಣ. ಅವನ ಅಜ್ಞಾನವೇ ಅವನ ನಂಬಿಕೆಯ ಇನ್ನೊಂದು ಮುಖ. ಆ ನಂಬಿಕೆಯನ್ನು ಘಾತಿಸುವುದು ಎಷ್ಟು ದೊಡ್ಡ ದೋಷವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪತ್ರವು ಪ್ರಕಟವಾದ ಆ ಒಂದೇ ದಿನ ಸತ್ಯಂ ಷೇರಿನ ಬೆಲೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕರಗಿಹೋಯಿತು. ಜೀವಮಾನದ ಉಳಿತಾಯವನ್ನು ಹೂಡಿದ್ದವರು ಸಂಜೆಯಾಗುವುದರೊಳಗೆ ಬರಿಗೈಯಾದರು. ಹತ್ತಾರು ಸಹಸ್ರ ಯುವಕ ಯುವತಿಯರು ಮುಂದಿನ ತಿಂಗಳ ಸಂಬಳ ಬಂದೀತೇ ಎಂಬ ಶಂಕೆಯಲ್ಲಿ ದಿನ ಕಳೆದರು. ಗೃಹಸಾಲದ ಕಂತು, ಮಕ್ಕಳ ಶಾಲಾ ಶುಲ್ಕ, ನಿಶ್ಚಯವಾಗಿದ್ದ ವಿವಾಹ ಇವೆಲ್ಲವೂ ಅವರು ಎಂದೂ ಕಾಣದ ಒಂದು ಲೆಕ್ಕದ ಪುಟಕ್ಕೆ ತೂಗುಬಿದ್ದಿದ್ದವು. ಅವರು ಮಾಡಿದ ತಪ್ಪೇನೂ ಇರಲಿಲ್ಲ. ಒಬ್ಬ ನಾಯಕನ ಲೋಭದ ಫಲವನ್ನು ನಿರಪರಾಧಿಗಳು ಉಣ್ಣಬೇಕಾಗುವುದೇ ದೊಡ್ಡ ಉದ್ಯಮದ ವಿಶೇಷ. ಸಣ್ಣ ಅಂಗಡಿಯವನು ಕೆಟ್ಟರೆ ಒಂದು ಬೀದಿ ನೊಂದೀತು. ಮಹಾಸಂಸ್ಥೆಯ ಮುಖ್ಯಸ್ಥನು ಕೆಟ್ಟರೆ ದೇಶವೇ ನಾಚಬೇಕಾಗುತ್ತದೆ.

ಸಂಸ್ಥೆಯು ಉಳಿದ ಬಗೆಯೂ ಬೋಧಪ್ರದವಾದುದು. ಕೇಂದ್ರ ಸರ್ಕಾರವು ಹಳೆಯ ಮಂಡಲಿಯನ್ನು ವಿಸರ್ಜಿಸಿ ಕೆಲವೇ ದಿನಗಳಲ್ಲಿ ಕಿರಣ್ ಕಾರ್ಣಿಕ್, ದೀಪಕ್ ಪಾರೇಖ್, ಸಿ. ಅಚ್ಯುತನ್ ಮೊದಲಾದ ಸಚ್ಚರಿತ್ರರನ್ನು ನೇಮಿಸಿತು. ಅವರ ಮಾತಿಗೆ ಬ್ಯಾಂಕುಗಳು ಸಾಲ ನೀಡಿದವು. ಗ್ರಾಹಕರಲ್ಲಿ ಬಹುಮಂದಿ ಕಾದು ನಿಂತರು. ನೌಕರರು ಕೆಲಸ ನಿಲ್ಲಿಸಲಿಲ್ಲ. 2009ರ ಏಪ್ರಿಲ್ ತಿಂಗಳಲ್ಲಿ ಬಹಿರಂಗ ಹರಾಜಿನ ಮೂಲಕ ಟೆಕ್ ಮಹೀಂದ್ರಾ ಸಂಸ್ಥೆಯು ಅದನ್ನು ವಹಿಸಿಕೊಂಡಿತು. 2013ರಲ್ಲಿ ಎರಡೂ ಒಂದಾದವು. ಹಣವಿಲ್ಲದ ಸಂಸ್ಥೆಯನ್ನು ಉಳಿಸಿದ್ದು ಕೆಲವು ವ್ಯಕ್ತಿಗಳ ಪ್ರಾಮಾಣಿಕತೆಯ ಮೇಲಿನ ವಿಶ್ವಾಸ. ಲೆಕ್ಕದ ಪುಸ್ತಕದಲ್ಲಿ ಬರೆಯಲಾಗದ ಈ ಆಸ್ತಿಯೇ ವ್ಯಾಪಾರದ ನಿಜವಾದ ಮೂಲಧನವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಇನ್ನು ನ್ಯಾಯದ ವಿಷಯ: 2015ರ ಏಪ್ರಿಲ್ 9ರಂದು ಹೈದರಾಬಾದಿನ ವಿಶೇಷ ನ್ಯಾಯಾಲಯವು ರಾಜು ಸಹೋದರರೂ ಇಬ್ಬರು ಲೆಕ್ಕ ಪರಿಶೋಧಕರೂ ಸೇರಿ ಹತ್ತು ಮಂದಿಯನ್ನು ದೋಷಿಗಳೆಂದು ತೀರ್ಮಾನಿಸಿ ಏಳು ವರ್ಷಗಳ ಕಠಿಣ ಶಿಕ್ಷೆ ವಿಧಿಸಿತು. ಮರುತಿಂಗಳು ಮೇಲ್ಮನವಿಯ ಸಂದರ್ಭದಲ್ಲಿ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ನೀಡಲಾಯಿತು.

ಇದು ಒಂದು ದೇಶದ ಅಥವಾ ಒಬ್ಬ ವ್ಯಕ್ತಿಯ ವ್ಯಾಧಿಯೆಂದು ತಿಳಿಯುವಂತಿಲ್ಲ. ಇಟಲಿಯಲ್ಲಿ ಹಾಲಿನ ವ್ಯಾಪಾರದಿಂದ ಬೆಳೆದ ಪರ್ಮಲಾಟ್ ಸಂಸ್ಥೆಯು ಒಂದು ಅಮೆರಿಕನ್ ಬ್ಯಾಂಕಿನಲ್ಲಿ ಸುಮಾರು 395 ಕೋಟಿ ಯೂರೋ ಇದೆಯೆಂದು ತೋರಿಸಿದ್ದ ಪತ್ರವು ಖೋಟಾ ಎಂಬುದು 2003ರ ಡಿಸೆಂಬರಿನಲ್ಲಿ ಬಯಲಾಯಿತು. ಜರ್ಮನಿಯ ವೈರ್‌ಕಾರ್ಡ್ ಎಂಬ ಸಂಸ್ಥೆಯ ಲೆಕ್ಕದಲ್ಲಿದ್ದ 190 ಕೋಟಿ ಯೂರೋ ಎಲ್ಲಿಯೂ ಇಲ್ಲವೆಂಬುದು 2020ರ ಜೂನ್ ತಿಂಗಳಲ್ಲಿ ತಿಳಿದು, ಸಂಸ್ಥೆಯು ದಿವಾಳಿಯಾಯಿತು. ಮೂರು ದೇಶಗಳು, ಮೂರು ಬಗೆಯ ವ್ಯಾಪಾರಗಳು, ದೋಷವೊಂದೇ. ಬ್ಯಾಂಕಿನಲ್ಲಿ ಇಲ್ಲದ ಹಣಕ್ಕೆ ಕಾಗದದ ಸಾಕ್ಷಿ. ಸತ್ಯಂ ಪ್ರಕರಣದ ಅನುಭವದಿಂದ ಭಾರತದಲ್ಲಿ 2013ರ ಕಂಪನಿ ಕಾಯಿದೆಯು ಲೆಕ್ಕ ಪರಿಶೋಧಕರನ್ನು ನಿಯತಕಾಲಕ್ಕೆ ಬದಲಿಸಬೇಕೆಂದು ವಿಧಿಸಿತು. ಸ್ವತಂತ್ರ ನಿರ್ದೇಶಕರ ಕರ್ತವ್ಯವನ್ನು ನಿರೂಪಿಸಿತು. ಷೇರುದಾರರು ಒಟ್ಟಾಗಿ ದಾವೆ ಹೂಡಲು ಅವಕಾಶವಿತ್ತಿತು. ಆದರೂ 2018ರಲ್ಲಿ ಐಎಲ್ ಅಂಡ್ ಎಫ್‌ಎಸ್ ಎಂಬ ಬೃಹತ್ ಹಣಕಾಸು ಸಮೂಹವು ಸುಮಾರು 90,000 ಕೋಟಿ ರೂಪಾಯಿಗಳ ಸಾಲದ ಹೊರೆಯಡಿ ಕುಸಿದಾಗ ಸರ್ಕಾರವು ಮತ್ತೊಮ್ಮೆ ಮಂಡಲಿಯನ್ನು ಬದಲಿಸಬೇಕಾಯಿತು. ಕಾಯಿದೆಯು ಬೇಲಿಯನ್ನು ಕಟ್ಟಬಲ್ಲದು. ಬೇಲಿಯೊಳಗಿನವನ ಮನಸ್ಸಿನಲ್ಲಿರುವ ಲೋಭವನ್ನು ಅದು ಕೀಳಲಾರದು. ನಾಲ್ಕು ಕಷಾಯಗಳಲ್ಲಿ ಎಲ್ಲಕ್ಕೂ ಕೊನೆಯವರೆಗೆ ಸೂಕ್ಷ್ಮರೂಪದಲ್ಲಿ ಉಳಿಯುವುದು ಲೋಭವೇ. ಹತ್ತನೆಯ ಗುಣಸ್ಥಾನದವರೆಗೂ ಅದು ಬೆನ್ನು ಬಿಡದೆಂದು ಶಾಸ್ತ್ರವು ಎಚ್ಚರಿಸುತ್ತದೆ. ಹೀಗಿರುವಲ್ಲಿ ಗೃಹಸ್ಥನಾದವನು ತನಗೆ ಲೋಭವಿಲ್ಲವೆಂದು ನಿಶ್ಚಿಂತನಾಗುವುದು ಅವಿವೇಕವಲ್ಲದೆ ಮತ್ತೇನು?

ಇನ್ನೊಂದು ಸೂಕ್ಷ್ಮ ವಿಷಯವಿದೆ. ರಾಮಲಿಂಗರಾಜು ಅವರು ದಾನಿಗಳೂ ಆಗಿದ್ದರು. ಅಪಘಾತವಾದೊಡನೆ 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಧಾವಿಸಿ ಬರುವ ವ್ಯವಸ್ಥೆಯನ್ನು 2005ರಲ್ಲಿ ಆಂಧ್ರಪ್ರದೇಶದಲ್ಲಿ ಆರಂಭಿಸಿದ ಸಂಸ್ಥೆಯು ಅವರ ಆಶ್ರಯದಲ್ಲಿಯೇ ಹುಟ್ಟಿದ್ದು. ಕರ್ನಾಟಕದಲ್ಲಿ 2008ರಲ್ಲಿ ‘ಆರೋಗ್ಯ ಕವಚ’ವೆಂಬ ಹೆಸರಿನಿಂದ ಇದೇ ಸೇವೆ ಪ್ರಾರಂಭವಾಯಿತು. ಅದರಿಂದ ಅಸಂಖ್ಯ ಜೀವಗಳು ಉಳಿದಿವೆ ಎಂಬುದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಹಾಗಾದರೆ ಆ ಸತ್ಕಾರ್ಯವು ಲೆಕ್ಕದ ಪಾಪವನ್ನು ತೊಳೆಯಿತೇ? ಇಲ್ಲ. ಲೆಕ್ಕದ ಪಾಪವು ಸತ್ಕಾರ್ಯವನ್ನು ಅಳಿಸಿತೇ? ಅದೂ ಇಲ್ಲ. ಎರಡು ಖಾತೆಗಳೂ ಪ್ರತ್ಯೇಕವಾಗಿಯೇ ಉಳಿಯುತ್ತವೆ. ಒಂದರ ಶಿಲ್ಕನ್ನು ಇನ್ನೊಂದಕ್ಕೆ ವರ್ಗಾಯಿಸಿ ಜಮಾ ಮಾಡುವ ಪದ್ಧತಿ ಕರ್ಮಸಿದ್ಧಾಂತದಲ್ಲಿಲ್ಲ. ದಾನಕ್ಕೆ ಹೆಸರಾದ ಸಮಾಜವೊಂದು ವಿಶೇಷವಾಗಿ ಮನನ ಮಾಡಬೇಕಾದ ಮಾತು ಇದು. ಬಸದಿಯ ಗೋಡೆಯಲ್ಲಿ ದಾನಿಯ ಹೆಸರು ಕೆತ್ತಿದೆ ಎಂಬುದರಿಂದ ಆ ಹಣ ಬಂದ ದಾರಿ ಶುದ್ಧವಾಗುವುದಿಲ್ಲ. ನ್ಯಾಯದಿಂದ ಬಂದ ಒಂದು ರೂಪಾಯಿಯ ಅಕ್ಷತೆಯು ಅನ್ಯಾಯದಿಂದ ಬಂದ ಲಕ್ಷದ ಕಳಶಕ್ಕಿಂತ ಹಿರಿದು.

ಮಹಾಸಂಸ್ಥೆಗಳ ಕಥೆಯಿಂದ ಸಣ್ಣ ವ್ಯಾಪಾರಿಗೇನು ಪ್ರಯೋಜನವೆಂದು ಕೇಳಬಹುದು. ಸುಳ್ಳಿನ ಆರಂಭವು ಎಲ್ಲೆಡೆಯೂ ಸಣ್ಣದಾಗಿಯೇ ಇರುತ್ತದೆ. ಬ್ಯಾಂಕಿನಿಂದ ಸಾಲ ಪಡೆಯಲು ದಾಸ್ತಾನಿನ ಬೆಲೆಯನ್ನು ಏರಿಸಿ ಬರೆಯುವುದು, ತೆರಿಗೆಗೆ ಒಂದು ಪುಸ್ತಕ ಮನೆಗೆ ಒಂದು ಪುಸ್ತಕ ಇಡುವುದು, ಪಾಲುದಾರನಿಗೆ ತೋರಿಸದ ಒಂದು ಖಾತೆಯನ್ನು ತೆರೆಯುವುದು, ಈ ಕೂಟಲೇಖಗಳ ಮೊತ್ತ ಚಿಕ್ಕದಿರಬಹುದು, ಸ್ವಭಾವ ಬೇರೆಯಲ್ಲ. ಗುಮಾಸ್ತನ ಎದುರು ಒಡೆಯನು ಒಂದು ಸುಳ್ಳು ಅಂಕಿಯನ್ನು ಬರೆಸಿದನೆಂದರೆ, ಅಂದಿನಿಂದ ಆ ಗುಮಾಸ್ತನಿಗೆ ಒಡೆಯನು ನೀತಿ ಹೇಳುವ ಅಧಿಕಾರವನ್ನು ಕಳೆದುಕೊಂಡಂತೆ. ಮಗನೆದುರು ಬರೆಸಿದನೆಂದರೆ ಹಾನಿಯು ಮುಂದಿನ ತಲೆಮಾರಿಗೂ ಸಲ್ಲುತ್ತದೆ. ಇಂದು ಶ್ರಾವಕರ ಮಕ್ಕಳು ಅಂಗಡಿಯ ಗಲ್ಲಾದಲ್ಲಿ ಕುಳಿತಿರುವುದಕ್ಕಿಂತ ಹೆಚ್ಚಾಗಿ ದೊಡ್ಡ ಸಂಸ್ಥೆಗಳಲ್ಲಿ ಲೆಕ್ಕಿಗರೂ ಪರಿಶೋಧಕರೂ ಅಧಿಕಾರಿಗಳೂ ಆಗಿದ್ದಾರೆ. ಮೇಲಿನವರು ರುಜು ಹಾಕೆಂದಾಗ, ಬ್ಯಾಂಕನ್ನು ಕೇಳದೆ ರುಜು ಹಾಕಲಾರೆನೆಂದು ಹೇಳುವ ಶಕ್ತಿಯು ಅವರಿಗೆ ಪದವಿಯಿಂದ ಬರಲಾರದು. ಮನೆಯಲ್ಲಿ ತಂದೆಯ ಲೆಕ್ಕವನ್ನು ನೋಡಿ ಬರಬೇಕು.

ಧರ್ಮಸಂಸ್ಥೆಗಳ ನಿರ್ವಾಹಕರಿಗೂ ಈ ಮಾತು ಅನ್ವಯಿಸುತ್ತದೆ. ಬಸದಿಯ ಭಂಡಾರ, ವಿದ್ಯಾರ್ಥಿ ನಿಲಯದ ನಿಧಿ, ಪ್ರತಿಷ್ಠಾ ಮಹೋತ್ಸವಕ್ಕಾಗಿ ಸಂಗ್ರಹಿಸಿದ ವಂತಿಗೆ ಇವೆಲ್ಲವೂ ಸಮಾಜವು ನಂಬಿ ಇರಿಸಿದ ನ್ಯಾಸಗಳು. ಉತ್ಸವ ಮುಗಿದ ಮೇಲೆ ಜಮಾಖರ್ಚಿನ ಪೂರ್ಣ ವಿವರವನ್ನು ಅಚ್ಚು ಹಾಕಿಸಿ ಹಂಚುವುದು, ಪದಾಧಿಕಾರಿಗಳ ಬಂಧುಗಳಲ್ಲದವರಿಂದ ಲೆಕ್ಕ ತಪಾಸಣೆ ಮಾಡಿಸುವುದು, ಶಿಲ್ಕನ್ನು ಬ್ಯಾಂಕಿನ ಪತ್ರದೊಡನೆ ತಾಳೆ ನೋಡಿ ಸಭೆಗೆ ಓದಿ ಹೇಳುವುದು, ಇಷ್ಟು ನಡೆದರೆ ಸಾಕು. ಲೆಕ್ಕ ಕೇಳಿದವನನ್ನು ವಿರೋಧಿಯೆಂದು ಕಾಣದೆ ಹಿತೈಷಿಯೆಂದು ಕಾಣುವ ಪದ್ಧತಿ ಬೆಳೆಯಬೇಕು. ಸತ್ಯಂ ಸಂಸ್ಥೆಯ ಮಂಡಲಿಯಲ್ಲಿ ಅಂಥ ಒಬ್ಬ ಹಿತೈಷಿ, ಐದು ವರ್ಷ ಮೊದಲು, ಬ್ಯಾಂಕಿನ ಪತ್ರವೆಲ್ಲಿ ಎಂದು ಕೇಳಿ ಉತ್ತರ ಸಿಗುವವರೆಗೆ ಕುರ್ಚಿ ಬಿಡದೆ ಕುಳಿತಿದ್ದರೆ, ಸ್ಥಾಪಕರಿಗೂ ಅದು ಉಪಕಾರವೇ ಆಗುತ್ತಿತ್ತು. ಆಗ ಹುಲಿಯಿನ್ನೂ ಮರಿಯಾಗಿತ್ತು.

ಪರಿಗ್ರಹಕ್ಕೆ ಪರಿಮಾಣ ಹಾಕಿಕೊಳ್ಳುವುದೆಂದರೆ ದರಿದ್ರನಾಗುವುದೆಂದು ಅರ್ಥವಲ್ಲ. ಇಷ್ಟು ಸಾಕೆಂಬ ಗೆರೆಯನ್ನು ಶಾಂತಚಿತ್ತನಾಗಿರುವಾಗಲೇ ಎಳೆದಿಡುವುದು ಅದರ ತಾತ್ಪರ್ಯ. ಆಶೆಯು ಕೆರಳಿದ ಮೇಲೆ ಎಳೆಯ ಹೊರಟ ಗೆರೆ ಎಂದೂ ಒಂದೆಡೆ ನಿಲ್ಲುವುದಿಲ್ಲ. ನೂತನವಾಗಿ ಪ್ರತಿಷ್ಠಾಪಿತವಾಗುವ ಜಿನಬಿಂಬದ ಮುಂದೆ ನಿಲ್ಲುವ ವ್ಯಾಪಾರಿಯು ಲಾಭವನ್ನು ಬೇಡುವ ಮೊದಲು ಈ ವರ್ಷದ ಲೆಕ್ಕದ ಪುಸ್ತಕವನ್ನು ಮನಸ್ಸಿನಲ್ಲಿ ಒಮ್ಮೆ ತಿರುವಿ ಹಾಕಲಿ. ಅದರಲ್ಲಿ ಯಾರೆದುರೂ ಓದಲಾಗದ ಪುಟವೊಂದಿದ್ದರೆ, ಮನೆಗೆ ಮರಳಿದೊಡನೆ ಅದನ್ನು ಸರಿಪಡಿಸಲಿ. ಎಲ್ಲರಿಗೂ ಶುಭವಾಗಲಿ. ಜೈ ಜಿನೇಂದ್ರ.